ಅಳಿಯದ ಮಸಿ

ಮಸಿಯ ಸ್ವಭಾವವೇ ವಿಚಿತ್ರವಾದುದು: ಕಾಗದದ ಮೇಲೆ ನಿಲ್ಲೆಂದರೆ ಮಳೆಹನಿಯೊಂದಕ್ಕೇ ಕರಗಿಹೋಗುವ ಅದು, ಜೇಬಿನಲ್ಲಿ ಸೋರಿದ ದಿನ ಮಾತ್ರ ಬಿಳಿಯ ಅಂಗಿಯ ಮೇಲೆ ಶಿಲಾಶಾಸನದಂತೆ ಶಾಶ್ವತವಾಗಿ ನೆಲೆಸುತ್ತದೆ. ಅಮೆರಿಕದ ವಾಟರ್‌ಮನ್ ಮಹಾಶಯನು 1884ರಲ್ಲಿ ಫೌಂಟನ್ ಪೆನ್ನಿಗೆ ಪೇಟೆಂಟು ಪಡೆದು ಈ ಹರಿವಿಗೆ ಕಡಿವಾಣ ತೊಡಿಸಿದನೆಂಬುದು ಚರಿತ್ರೆ. ಆ ವಾರ್ತೆ ಎಲ್ಲ ಲೇಖನಿಗಳಿಗೂ ಮುಟ್ಟಿದಂತಿಲ್ಲ.

ಲೇಖನಿಯ ಹಂಗೇ ಇಲ್ಲದ ಮಸಿಯೊಂದು ನಮ್ಮ ಮೈಸೂರಿನಲ್ಲಿಯೇ ಸಿದ್ಧವಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ ಅರಗು-ಬಣ್ಣಗಳ ಕಾರ್ಖಾನೆಯು 1962ರ ಮಹಾಚುನಾವಣೆಯಿಂದೀಚೆಗೆ ಒದಗಿಸುತ್ತಿರುವ ಆ ದ್ರವದೊಳಗಿನ ಸಿಲ್ವರ್ ನೈಟ್ರೇಟು, ಬೆಳಕು ಸೋಕಿದೊಡನೆ ಚರ್ಮದಲ್ಲಿ ಕಪ್ಪೇರಿ, ಸಾಬೂನಿನ ಆರ್ಭಟಕ್ಕೆ ಜಗ್ಗದೆ, ಮತದಾರನ ಎಡಗೈಯ ತೋರುಬೆರಳಿನಲ್ಲಿ ದಿನಗಟ್ಟಲೆ ವಿರಾಜಿಸುತ್ತದೆ. ಚುನಾವಣೆಯ ಆಶ್ವಾಸನೆಗಳನ್ನೂ ಇದೇ ಮಸಿಯಲ್ಲಿ ಏಕೆ ಬರೆಯಿಸಬಾರದೆಂದು ಇದುವರೆಗೆ ಯಾರೂ ಕೇಳಿದಂತಿಲ್ಲ. ಕೇಳಿದರೆ ಕಾರ್ಖಾನೆಗೇ ಬೀಗ ಬಿದ್ದೀತು.