ಕೊಬ್ಬಿನ ವಠಾರ

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋರ್ಡಾನಾ ವುನ್ಯಾಕ್-ನೊವಾಕೊವಿಚ್ ಅವರ ತಂಡ ಯುಕಟಾನ್ ತಳಿಯ ಗಿಡ್ಡ ಹಂದಿಗಳಿಗೆ ಅವುಗಳದೇ ಕೊಬ್ಬಿನ ಕಾಂಡಕೋಶಗಳಿಂದ ದವಡೆಯ ಮೂಳೆ ಬೆಳೆಸಿ ಕೂರಿಸಿತು. 2016ರಲ್ಲಿ ವರದಿ ಬಂತು. ಪ್ರೊಫೆಸರ್ ಮಾತಾಡಿದರು, ಹಂದಿಯ ಫೋಟೋ ಬಂತು, ಕೊಬ್ಬನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಅದೇ ಕುಲದ ಒಂದಿಷ್ಟು ಕೊಬ್ಬು, ಸೆಂಟ್ರಿಫ್ಯೂಜಿನಿಂದ ಈಗಷ್ಟೇ ಇಳಿದ ಟ್ಯೂಬಿನಲ್ಲಿ ಹಳದಿ ಪದರವಾಗಿ ತೇಲುತ್ತಾ ನಮ್ಮ ಕೈಗೆ ಸಿಕ್ಕಿತು. ತಳದಲ್ಲಿ ಚಿಟಿಕೆಯಷ್ಟು ಕೆಂಪಗೆ ಏನೋ ಅಂಟಿತ್ತು. "ಕೆಳಗೇನು ನೋಡ್ತೀರಿ, ಇತ್ತ ನೋಡಿ" ಎಂದೇ ಮಾತು ಶುರುಮಾಡಿತು.

ಪ್ರಶ್ನೆ: ಹಂದಿಯ ದವಡೆ ಸರಿಮಾಡಿದ್ದು ತಾವಂತೆ. ಅಭಿನಂದನೆಗಳು.

ಕೊಬ್ಬು: ನಾವೇ. ಅಂದರೆ, ನಮ್ಮ ವಠಾರದಲ್ಲಿದ್ದವರು. ರಕ್ತನಾಳದ ಗೋಡೆಗೆ ಒತ್ತಿಕೊಂಡು ಮೂಲೆ ಕೋಣೆಗಳಲ್ಲಿ ಇದ್ದರು. ಗಲಾಟೆ ಇಲ್ಲ, ಗದ್ದಲ ಇಲ್ಲ. 2001ರಲ್ಲಿ ಲಾಸ್ ಏಂಜಲಿಸ್‌ನ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು, ಮನುಷ್ಯರ ಮೈಯಿಂದ ಹೀರಿ ತೆಗೆದ ಕೊಬ್ಬನ್ನು ಕೆದಕಿ, ಇದರೊಳಗಿನ ಕೋಶಗಳು ಮೂಳೆ, ಮೃದ್ವಸ್ಥಿ, ಸ್ನಾಯುವಿನ ದಾರಿ ಹಿಡಿಯಬಲ್ಲವು ಅಂತ ಬರೆದರು. ಇಂಥ ದೊಡ್ಡ ಮನುಷ್ಯರು ಅಂತ ಆಗಲೇ ನಮಗೂ ಗೊತ್ತಾಗಿದ್ದು. ಬಾಡಿಗೆ ಏರಿಸೋಣ ಅನ್ನುವಷ್ಟರಲ್ಲಿ ಖಾಲಿ ಮಾಡಿಸಿಬಿಟ್ಟರು.

ಪ್ರಶ್ನೆ: ನೋಟಿಸ್ ಕೊಡದೆ?

ಕೊಬ್ಬು: ನೋಟಿಸೂ ಇಲ್ಲ, ಏನೂ ಇಲ್ಲ. ಕತ್ತರಿಯಲ್ಲಿ ಸಣ್ಣಗೆ ಕೊಚ್ಚಿದರು. ರಕ್ತ ಹೋಗುವ ತನಕ ಉಪ್ಪುನೀರಲ್ಲಿ ಜಾಲಾಡಿದರು. ಆಮೇಲೆ ಕೊಲಾಜಿನೇಸ್ ಎಂಬ ಕಿಣ್ವ ಸುರಿದು 37 ಡಿಗ್ರಿಯಲ್ಲಿ ಅಲ್ಲಾಡಿಸುತ್ತಾ ಇಟ್ಟರು. ಗೋಡೆ, ಕಂಬ, ಜಂತಿ ಎಲ್ಲ ಕರಗಿತು. ಕೊನೆಗೆ ಗಿರಗಿರ ತಿರುಗಿಸಿದರು; ಹಗುರಾಗಿದ್ದ ನಾವು ಮೇಲೆ ಬಂದೆವು, ಅವರು ತಳ ಸೇರಿದರು. ಮೇಲೆ ಬಂದವರಿಗೇ ಮರ್ಯಾದೆ ಅಲ್ಲವೇ? ನೋಡಿ, ಆ ಹುಡುಗಿ ಪೈಪೆಟ್ ಹಿಡಿದು ಮೊದಲು ನಮ್ಮ ಕಡೆಗೇ ಬರುತ್ತಿದ್ದಾಳೆ. ಸನ್ಮಾನ ಇರಬೇಕು.

ಪ್ರಶ್ನೆ: (ಮಾತು ಬದಲಿಸುತ್ತಾ) ತಳ ಸೇರಿದವರ ಊಟ ವಸತಿ ಹೇಗೆ?

ಕೊಬ್ಬು: ರಾಜೋಪಚಾರ. ಪ್ಲಾಸ್ಟಿಕ್ ಫ್ಲಾಸ್ಕಿನ ತಳಕ್ಕೆ ಕಚ್ಚಿಕೊಂಡವರಿಗೆ ಮಾತ್ರ ಪ್ರವೇಶ, ತೇಲಾಡುವವರನ್ನು ತೊಳೆದು ಹಾಕುತ್ತಾರೆ. ಇಂಥ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಬಡಿಸುವುದು ಕರುವಿನ ಭ್ರೂಣದ ಸೀರಮ್. ಮೂಳೆಯಾಗು ಅನ್ನಬೇಕಾದರೆ ಜೊತೆಗೆ ಡೆಕ್ಸಾಮೆಥಾಸೋನ್, ಸಿ ವಿಟಮಿನ್, ಗ್ಲಿಸರೋಫಾಸ್ಫೇಟ್. ಹೊಸ ಮನೆಯೋ, ಹಸುವಿನ ಮೂಳೆ. ಅದರ ಹಳೇ ಕೋಶಗಳನ್ನೆಲ್ಲ ತೊಳೆದು ತೆಗೆದು, ಹಂದಿಯ ಸ್ಕ್ಯಾನ್ ನೋಡಿಕೊಂಡು ದವಡೆ ಕೀಲಿನ ಆಕಾರಕ್ಕೆ ಕೆತ್ತಿದ್ದು. ಹಂದಿಯ ಕೋಶ, ಹಸುವಿನ ಮೂಳೆ, ಕರುವಿನ ಸೀರಮ್. ನಿಮ್ಮ ಕಡೆಯಾಗಿದ್ದರೆ ಯಾವ ಪಕ್ಷ ಮೊದಲು ಧರಣಿ ಕೂರುತ್ತಿತ್ತು?

ಪ್ರಶ್ನೆ: ಬರೀ ಹಸುವಿನ ಮೂಳೆ ಇಟ್ಟಿದ್ದರೆ ಸಾಲುತ್ತಿರಲಿಲ್ಲವೇ?

ಕೊಬ್ಬು: ಅದನ್ನೂ ಮಾಡಿ ನೋಡಿದರು. ಕೆಲವು ಹಂದಿಗಳಿಗೆ ಬರೀ ಮೂಳೆ, ಕೆಲವಕ್ಕೆ ಅದೂ ಇಲ್ಲ. ಆರು ತಿಂಗಳ ಮೇಲೆ ನೋಡಿದರೆ ನಮ್ಮವರಿದ್ದ ಕಡೆಯೇ ಹೊಸ ಮೂಳೆ ಹೆಚ್ಚು, ರಕ್ತನಾಳವೂ ಹೆಚ್ಚು. ಆದರೆ ನಮ್ಮವರು ತುಂಬಿದ ಮೂಳೆಯನ್ನು ದವಡೆಗೆ ಕೂರಿಸುವ ಮುಂಚೆ ಮೂರು ವಾರ, ಅದೇ ಅಳತೆಗೆ ಮಾಡಿಸಿದ ಪೆಟ್ಟಿಗೆಯೊಳಗಿಟ್ಟು, ಮೂಳೆಯ ತೂತುಗಳಲ್ಲೆಲ್ಲ ಪೋಷಕ ದ್ರವ ಹರಿಸಿದ್ದಾರೆ. ಸುಮ್ಮನೆ ದ್ರವದಲ್ಲಿ ಮುಳುಗಿಸಿಟ್ಟರೆ ಹೊರಗಡೆಯವರು ಉಂಡು ಒಳಗಿನವರು ಉಪವಾಸ ಬೀಳುತ್ತಾರೆ. ನಿಮ್ಮ ಸರ್ಕಾರಿ ಅನುದಾನದ ಕಥೆಯೂ ಇದೇ ಅಂತ ಕೇಳಿದ್ದೇವೆ.

ಪ್ರಶ್ನೆ: ಮೂಳೆ ಕಟ್ಟಿದ್ದು ಖುದ್ದು ಅವರೇನಾ, ಇಲ್ಲ ಅಕ್ಕಪಕ್ಕದ ಕೋಶಗಳನ್ನು ಕೂಗಿ ಕರೆದು ಮಾಡಿಸಿದರಾ?

ಕೊಬ್ಬು: ಆ ವಿಷಯಕ್ಕೆ ವಿಜ್ಞಾನಿಗಳೇ ಕಿತ್ತಾಡುತ್ತಿದ್ದಾರೆ. ನಮ್ಮನ್ನು ಯಾಕೆ ಸಾಕ್ಷಿಗೆ ಎಳೀತೀರಿ?

ಪ್ರಶ್ನೆ: ನಮ್ಮಲ್ಲಿ ಬೆಳಿಗ್ಗೆ ಹೊಟ್ಟೆಯ ಕೊಬ್ಬು ತೆಗೆದು, ಸಂಜೆಯೊಳಗೆ ಮೊಣಕಾಲಿಗೆ ಚುಚ್ಚಿ ಮನೆಗೆ ಕಳಿಸುತ್ತೇವೆ ಅನ್ನುವ ಜಾಹೀರಾತುಗಳಿವೆ.

ಕೊಬ್ಬು: (ಮೊದಲ ಬಾರಿಗೆ ದನಿ ತಗ್ಗಿಸಿ) ಹಂದಿಗೇ ಮೂರು ವಾರ ಹಿಡಿಯಿತು ಅಂದೆವಲ್ಲ ಸ್ವಾಮಿ. ಫ್ಲಾರಿಡಾದಲ್ಲಿ ಮೂವರು ವೃದ್ಧೆಯರು ತಲಾ 5,000 ಡಾಲರ್ ಕೊಟ್ಟು ಇದೇ ಹೊಟ್ಟೆಕೊಬ್ಬಿನ ಕೋಶಗಳನ್ನು ಎರಡೂ ಕಣ್ಣಿಗೆ ಚುಚ್ಚಿಸಿಕೊಂಡು ದೃಷ್ಟಿ ಕಳೆದುಕೊಂಡ ವರದಿ 2017ರಲ್ಲಿ ಬಂತು. ಅದೇ ವರ್ಷ ನಿಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾರ್ಗಸೂಚಿ ಹೊರಡಿಸಿತು: ರಕ್ತದ ಕಾಯಿಲೆಗಳಿಗೆ ಮಾಡುವ ಕಾಂಡಕೋಶ ಕಸಿ ಬಿಟ್ಟರೆ ಮಿಕ್ಕಿದ್ದೆಲ್ಲ ಇನ್ನೂ ಪ್ರಯೋಗ ಅಂತ. ಪ್ರಯೋಗಕ್ಕೆ ಒಳಗಾಗುವವರೇ ಬಿಲ್ಲೂ ಕಟ್ಟುವುದನ್ನು ನಾವು ಹಂದಿಗಳಲ್ಲೂ ನೋಡಿಲ್ಲ.

ಪ್ರಶ್ನೆ: ಕೊನೆಯದಾಗಿ, ತಮ್ಮ ಮುಂದಿನ ಯೋಜನೆ?

ಕೊಬ್ಬು: ವಠಾರ ಖಾಲಿ ಬಿದ್ದಿದೆ. ಬೆಂಗಳೂರಿನವರು ತಾನೆ ನೀವು? ಯಾರಾದರೂ ಇದ್ದರೆ ಹೇಳಿ. ಹತ್ತು ತಿಂಗಳ ಅಡ್ವಾನ್ಸು, ಮಾಂಸಾಹಾರಿಗಳಿಗೆ ಕೊಡುವುದಿಲ್ಲ.