ಹುಬ್ಬಳ್ಳಿಯಿಂದ ಹುಬ್ಬಳ್ಳಿಗೆ

ಅಕ್ಕನ ಮಗಳ ಕುಬಸಕ್ಕೆ ಬೆಳಗಾವಿಗೆ ಹೊರಡುವ ಹಿಂದಿನ ರಾತ್ರಿ ತಮ್ಮನ ಮಗ ಮೊಬೈಲು ಹಿಡಿದು ಓಡಿಬಂದ. ‘ದೊಡ್ಡಪ್ಪಾ, ವಿಮಾನದಾಗ ಹೋದ್ರ 36 ನಿಮಿಷ ಅಷ್ಟ!’

ಹುಬ್ಬಳ್ಳಿ ನಿಲ್ದಾಣದಿಂದ ಬೆಳಗಾವಿಯ ಸಾಂಬ್ರಾಕ್ಕೆ ಆಕಾಶದಲ್ಲಿ ಗೆರೆ ಎಳೆದರೆ ಸುಮಾರು 75 ಕಿ.ಮೀ. ಗಂಟೆಗೆ 800 ಕಿ.ಮೀ. ಓಡುವ ಪ್ರಾಣಿಗೆ ಅದು ಆರು ನಿಮಿಷದ ಮಾತು. ಮಿಕ್ಕ ಅರ್ಧ ಗಂಟೆ ಅದು ಎಲ್ಲಿ ಚಹಾ ಕುಡಿಯುತ್ತದೆ? ಹುಡುಗನೇ ಪತ್ತೆ ಹಚ್ಚಿದ. ಮೊಬೈಲಿನಲ್ಲಿ ಅವನು ನೋಡಿದ್ದ ದೂರ-ಸಮಯದ ಲೆಕ್ಕದ ತಾಣಕ್ಕೆ ಯಾವ ಊರಿನಿಂದ ಯಾವ ಊರಿಗೆ ಎಂದು ಕೇಳಿದರೂ ಏರುವ-ಇಳಿಯುವ ಬಾಬತ್ತಿಗೆಂದು ಅರ್ಧ ಗಂಟೆ ಮೊದಲೇ ಜಮಾ. ನಮ್ಮ ಆಟೋದವರ ಮಿನಿಮಮ್ ಚಾರ್ಜು ಇದ್ದ ಹಾಗೆ.

ಇಳಿಯುವುದೂ ಸಸಾರವಲ್ಲ ಬಿಡಿ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ, ಅಂದರೆ ಐದೂವರೆ ಕಿ.ಮೀ. ದಾರಿ ಬೇಕೆಂಬುದು ಪೈಲಟ್ಟುಗಳ ಬಾಯಿಲೆಕ್ಕ. 35 ಸಾವಿರ ಅಡಿಯಿಂದ ಸಾಂಬ್ರಾದಲ್ಲಿ ಇಳಿಯಬೇಕಾದರೆ 190 ಕಿ.ಮೀ. ಮೊದಲೇ ಮೂತಿ ಬಗ್ಗಿಸಬೇಕು. ಅಂದರೆ ಹರಿಹರದ ಆಸುಪಾಸಿನಲ್ಲಿ. ನಾವು ಹತ್ತುವುದು ಹುಬ್ಬಳ್ಳಿಯಲ್ಲಿ!

ಇಷ್ಟಾಗಿ ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲ. ಹಾರಲೇಬೇಕೆಂಬ ಹಟವಿದ್ದರೆ ಬೆಂಗಳೂರಿಗೆ ಹೋಗಿ ಅಲ್ಲಿ ವಿಮಾನ ಬದಲಿಸಬೇಕು. ಹೋಗುವಾಗ 370, ಬರುವಾಗ 440, ಒಟ್ಟು 810 ಕಿ.ಮೀ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದವನೂ ಇಷ್ಟು ಸುತ್ತಿರಲಿಕ್ಕಿಲ್ಲ. ನನ್ನಾಕೆ ಮಾತ್ರ ಬಿಸಿರೊಟ್ಟಿ ತಿರುವಿ ಹಾಕುತ್ತಾ, ‘ಆಗಲೇಳ್ರಿ, ನಡುವ ನಮ್ಮ ತಂಗಿನ್ನೂ ಮಾತಾಡಿಸ್ಕೊಂಡು ಬರೂಣು’ ಅಂದಳು. ತಂಗಿಯ ಮನೆ ಬೆಂಗಳೂರಿನಲ್ಲಿ.

ನಮ್ಮ ಮನೆ ಗೋಕುಲ ರಸ್ತೆಯಲ್ಲಿ. ವಿಮಾನ ನಿಲ್ದಾಣವೂ ಅದೇ ರಸ್ತೆ, ಬಸ್ ನಿಲ್ದಾಣವೂ ಅದೇ ರಸ್ತೆ. ಬೆಳಿಗ್ಗೆ ಕೆಂಪು ಬಸ್ಸು ಹತ್ತಿದೆವು. ಮಡಿಲಲ್ಲಿ ಕಡಕ್ ರೊಟ್ಟಿಯ ಬುಟ್ಟಿ, ಅದರ ಮೇಲೆ ಕರ್ಚಿಕಾಯಿ ಡಬ್ಬಿ, ಕಾಲ ಸಂದಿಯಲ್ಲಿ ಮಾವಿನ ಉಪ್ಪಿನಕಾಯಿ ಭರಣಿ. ಭರಣಿಯ ಬಾಯಿಗೆ ಬಿಗಿದ ಬಿಳಿ ಅರಿವೆ ಧಾರವಾಡಕ್ಕೆ ಬರುವಷ್ಟರಲ್ಲಿ ಕೇಸರಿಯಾಯಿತು, ಕಿತ್ತೂರಿಗೆ ಬರುವಷ್ಟರಲ್ಲಿ ನನ್ನ ಪ್ಯಾಂಟಿನ ಮೊಣಕಾಲೂ ಆಯಿತು. ವಿಮಾನದಲ್ಲಿ ಇದನ್ನು ಕಾಲ ಸಂದಿಯಲ್ಲಿಟ್ಟುಕೊಳ್ಳುವುದಿರಲಿ, ತಪಾಸಣೆಯ ಬಾಗಿಲು ದಾಟಿಸಿದ್ದರೂ ದೊಡ್ಡದು.

ಕಿತ್ತೂರು ದಾಟಿ ಸ್ವಲ್ಪ ಹೊತ್ತಾಗಿರಬೇಕು. ಕಿಟಕಿಯ ಪಕ್ಕದಿಂದ ಹುಡುಗ ಕಿರುಚಿದ. ‘ದೊಡ್ಡಪ್ಪಾ, ಬಸ್ ಹೊಳ್ಳಿ ಬಂತು! ಬೋರ್ಡ್‌ನ್ಯಾಗ ಹುಬ್ಬಳ್ಳಿ ಅಂತ ಐತಿ!’

ಬಸ್ಸೆಲ್ಲ ನಕ್ಕಿತು. ಕಂಡಕ್ಟರು ಟಿಕೆಟ್ ಯಂತ್ರ ಬಗಲಿಗೇರಿಸಿ, ‘ಇದು ಎಂ.ಕೆ. ಹುಬ್ಬಳ್ಳಿ ಅದ ತಮ್ಮಾ. ನಿಮ್ಮ ಹುಬ್ಬಳ್ಳಿ ಅಲ್ಲೇ ಐತಿ, ಎಲ್ಲೂ ಹೋಗಿಲ್ಲ’ ಎಂದು ಸಮಾಧಾನ ಮಾಡಿದರು. ಕೆಳಗೆ ಮಲಪ್ರಭೆ ಸರಿಯಿತು.

ಹುಡುಗನಿಗೆ ಅವಮಾನವಾಗಿತ್ತು. ಮುಖ ತಗ್ಗಿಸಿ ಮೊಬೈಲಿನಲ್ಲಿ ಏನೋ ಕುಟ್ಟತೊಡಗಿದ. ಆಮೇಲೆ ನನ್ನ ಮೊಣಕೈ ತಿವಿದು ತೋರಿಸಿದ. ಹೊರಡುವ ಊರು ಹುಬ್ಬಳ್ಳಿ, ಸೇರುವ ಊರು ಹುಬ್ಬಳ್ಳಿ. ದೂರ ಸೊನ್ನೆ. ಹಾರಾಟದ ಸಮಯ 30 ನಿಮಿಷ.