ಹಗೇವಿನ ಬಾಯಿಗೊಂದು ಚೀಟಿ

ಶಿರೋಳದ ನಮ್ಮ ಹಳೆ ಮನೆಯ ಮುಂದೆ ಒಂದು ಹಗೇವು ಇತ್ತು. ಎರೆಹೊಲದ ಬಿಳಿಜೋಳ ಅದರ ಹೊಟ್ಟೆಗಿಳಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗೀತು. ಮೇಲೆ ಓಡಾಡುವವರಿಗೆ ಕೆಳಗೆ ಜೋಳವಿದೆಯೋ ಬರೀ ಕತ್ತಲೆಯಿದೆಯೋ ತಿಳಿಯುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ನಾನೂ ಒಂದು ಹಗೇವು ತೋಡಿದೆ, ಕಂಪ್ಯೂಟರಿನಲ್ಲಿ.

ನನಗೆ ನರಗುಂದದ ಬಾಬಾಸಾಹೇಬ ಭಾವೆಯವರ ಹುಚ್ಚು. 1858ರಲ್ಲಿ ಇಂಗ್ಲಿಷರ ಮೇಲೆ ತಿರುಗಿಬಿದ್ದ ಅರಸ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಸ್ವಲ್ಪ ದಿನಕ್ಕೆ ಭಾವೆಯವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಪುಸ್ತಕ ಕೂಡಿಡುವ ಗೀಳಿನ ಮನುಷ್ಯ ಬೇರೆ, ಅದಕ್ಕೇ ನನಗೆ ಹತ್ತಿರದವರು. ಯಾವ ಗ್ಯಾಜೆಟಿಯರಿನ ಯಾವ ಪುಟದಲ್ಲಿ ಏನಿದೆ ಎಂದು ರಟ್ಟಿನ ಚೀಟಿಗಳಲ್ಲಿ ಬರೆದು ಬೂಟಿನ ಡಬ್ಬಿಯಲ್ಲಿಡುತ್ತಿದ್ದೆ. ಇಲಿಗಳಿಗೂ ಇತಿಹಾಸದಲ್ಲಿ ರುಚಿಯಿದೆ ಎಂದು ಗೊತ್ತಾದ ದಿನ ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದೆ.

ಆಮೇಲೆ ಮೂಲೆಯ ಭೂತಗನ್ನಡಿ ಒತ್ತಿ ‘ಮ್ಯಾನ್ಸನ್’ ಎಂದು ಹುಡುಕಿದರೆ, ಸಿಕ್ಕಿದ್ದು ಒಂದೇ ಒಂದು ಫೈಲು. ಅಷ್ಟು ಚೀಟಿ ಬರೆದವನಿಗೆ ಒಂದೇ ಉತ್ತರ! ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಫೋನು ಹಚ್ಚಿದೆ.

“ಕಾಕಾ, ನಿಮ್ಮ ಚೀಟಿ ಎಲ್ಲಾ ಒಂದ ಫೈಲಿನ್ಯಾಗ ಅದಾವ್ರಿ. ಅದು ಫೈಲ್ ಎಣಸ್ತೈತಿ, ಚೀಟಿ ಎಣಸಂಗಿಲ್ಲ.”

ಹಗೇವಿನ ಕಲ್ಲು ಕಂಡಿತ್ತು, ಕಾಳು ಕಂಡಿರಲಿಲ್ಲ.

ಆಪಲ್‌ನವರು ಸ್ಪಾಟ್‌ಲೈಟ್ ಎಂಬ ಈ ಜಾಲಾಟವನ್ನು 2005ರಲ್ಲಿ ತಂದರು. ನಾವು ಕೇಳಿದ ಮೇಲೆ ಅದು ಹುಡುಕಲು ಹೊರಡುವುದಿಲ್ಲ. ಮೊದಲೇ ಫೈಲುಗಳನ್ನು ಓದಿ, ಪುಸ್ತಕದ ಕೊನೆಯ ಪದಸೂಚಿಯಂಥದ್ದನ್ನು ಕಟ್ಟಿಕೊಂಡು ಕೂತಿರುತ್ತದೆ. ಫೈಲು ಎಣಿಸಿ ಚೀಟಿ ಬಿಡುವ ಈ ತೊಡಕಿಗೆ ಬಿಬ್‌ಡೆಸ್ಕ್ ಎಂಬ ಗ್ರಂಥಸೂಚಿಯ ತಂತ್ರಾಂಶ ಒಂದು ಉಪಾಯ ಮಾಡಿದೆ. ಒಂದೊಂದು ನಮೂದಿಗೂ ಒಂದೊಂದು ಪುಟ್ಟ ಫೈಲು ಬರೆದು ಹೊರಗಿಡುತ್ತದೆ. ಮಾರ್ಕೆಟ್ಟಿನಲ್ಲಿ ಚೀಲ ಚೀಲಕ್ಕೂ ಒಂದು ಮುಷ್ಟಿ ಕಾಳು ತೆಗೆದು ಮುಂದಿಟ್ಟ ಹಾಗೆ. ಖರೀದಿದಾರ ಮುಷ್ಟಿ ನೋಡುತ್ತಾನೆ, ಚೀಲ ಹಿಂದೆಯೇ ಇರುತ್ತದೆ.

ಹಾಗೇ ಮಾಡಿಕೊಂಡೆ. ಇನ್ನು ಸುಖ ಎಂದು ‘ಶಿರೋಳ’ ಒತ್ತಿದರೆ ಅರ್ಧ ಚೀಟಿಗಳು ನಾಪತ್ತೆ! ಹಳೆಯವನ್ನು ಪೇಟೆಯಲ್ಲಿ ಟೈಪು ಮಾಡಿಸಿದ್ದೆ. ಕಣ್ಣಿಗೆ ಕನ್ನಡ, ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರದ ಗುರುತು. ಫಾಂಟು ಕಳಚಿದರೆ ಮಂತ್ರವಾದಿಯ ತಾಯತ. ಅವನ್ನೆಲ್ಲ ಯೂನಿಕೋಡಿಗೆ ತಿರುಗಿಸಿದರೂ ನಮ್ಮೂರಿನ ‘ರೋ’ ತಕರಾರು ತೆಗೆಯಿತು. ಆ ಓತ್ವವನ್ನು ಒಂದೇ ಗುರುತಾಗಿ ಬರೆಯಬಹುದು, ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡು ಜೋಡಿಸಿಯೂ ಬರೆಯಬಹುದು. ನೋಡುವವರಿಗೆ ಅದೇ ಶಿರೋಳ. ಎರಡೂ ಒಂದೇ ಎಂದು ಯೂನಿಕೋಡಿನ ನಿಯಮವೇ ಹೇಳುತ್ತದೆ, ಆದರೆ ನಿಯಮ ಓದದ ತಂತ್ರಾಂಶಕ್ಕೆ ಅವು ಎರಡು ಊರು. ಕೊಲ್ಹಾಪುರದ ಕಡೆ ಒಂದು, ಮುಧೋಳದ ಕಡೆ ಇನ್ನೊಂದು ಶಿರೋಳ ಇರುವುದೇ ಸಾಲದೆ ನನ್ನ ಮೇಜಿನ ಮೇಲೂ ಎರಡಾದವು.

ವಾರ ಕೂತು ಎಲ್ಲ ಸರಿಮಾಡಿದೆ. ಹೆಂಡತಿ ಚಾ ತಂದಾಗ ಪ್ರತಾಪ ತೋರಿಸೋಣವೆಂದು ‘ಭಾವೆ’ ಎಂದು ಒತ್ತತೊಡಗಿದೆ. ಕೊನೆಯ ಎತ್ವ ಬೀಳುವ ಮೊದಲೇ ಯಂತ್ರಕ್ಕೆ ಅವಸರ. ತಲೆಯ ಮೇಲೇ ಒಂದು ಸಾಲು ಬಂದು ನಿಂತಿತು: ‘ಭಾವ, ಕೈಗಡ, 2,000. ಎರಡು ಸಲ ಕೇಳಿದ್ದಾಯಿತು.’

“ಏನ್ರೀ ಇದು? ನಮ್ಮಣ್ಣ ಇತಿಹಾಸದಾಗ ಯಾಕ ಬಂದಾನ?”

ಗಡಬಡಿಸಿ ಎತ್ವ ಒತ್ತಿದೆ. ಭಾವ ಮಾಯವಾಗಿ ಭಾವೆಯವರು ಸಾಲು ಸಾಲಾಗಿ ಬಂದರು. ಚಾ ಮಾತ್ರ ಅವಳ ಕೈಯಲ್ಲೇ ಉಳಿಯಿತು.